ಕಣಜದ ಕೊಡ ಬರಿದಾದರೆ

ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹತ್ತು ನಿಮಿಷ ಸುಮ್ಮನೆ ಕುಳಿತು ನೋಡಿ. ನೀರು ಹರಿದುಹೋದ ಮೇಲೆ ಕಲ್ಲಿನ ಬುಡದಲ್ಲಿ ಉಳಿದ ತೇವದ ಮೇಲೆ ಒಂದು ಕಣಜ ಬಂದು ಇಳಿಯುತ್ತದೆ. ಕಾಲು ಅಗಲಿಸಿ ನಿಂತು, ತಲೆ ಬಗ್ಗಿಸಿ ನೀರಿಗೆ ಬಾಯಿ ಹಚ್ಚುತ್ತದೆ. ಅದರ ಹೊಟ್ಟೆ ಹಿಗ್ಗಿ ಕುಗ್ಗುವುದು ಬರಿಗಣ್ಣಿಗೇ ಕಾಣುತ್ತದೆ. ಕುಡಿದು ಮುಗಿದೊಡನೆ ಅತ್ತಿತ್ತ ಅಲೆಯದೆ ಒಂದೇ ದಿಕ್ಕು ಹಿಡಿದು ಹಾರಿಹೋಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ, ಮತ್ತೆ ಕುಡಿಯುತ್ತದೆ, ಮತ್ತೆ ಅದೇ ದಿಕ್ಕಿಗೆ ಹೋಗುತ್ತದೆ. ಬಿಸಿಲು ಏರಿದಷ್ಟೂ ಈ ಓಡಾಟ ಹೆಚ್ಚುತ್ತದೆ.

ನಮ್ಮಲ್ಲಿ ಹೆಚ್ಚಿನವರಿಗೆ ಈ ನೋಟ ಹಿಡಿಸುವುದಿಲ್ಲ. ನಲ್ಲಿಯ ಕೆಳಗೆ, ಏರ್‌ಕೂಲರಿನ ಬಳಿ, ದನದ ಬಾನಿಯ ಅಂಚಿನಲ್ಲಿ ಕಣಜ ಕಂಡ ಕೂಡಲೇ ಕೈಗೆ ಪೊರಕೆ ಬರುತ್ತದೆ. ಆದರೆ ಅದು ಕಚ್ಚಲು ಬಂದಿಲ್ಲ, ತನ್ನ ಗೂಡಿಗೆ ನೀರು ಹೊರುತ್ತಿದೆ. ಒಂದು ಹುಳುವಿನ ಬಾಯಾರಿಕೆಗೆ ಇಷ್ಟೊಂದು ಸಲ ಬರಬೇಕಾಗಿಲ್ಲ. ಈ ನೀರಿಗೆ ಬೇರೆ ಕೆಲಸವಿದೆ.

ಆ ಕೆಲಸ ಏನೆಂದು ವಿಜ್ಞಾನಿಗಳು ಸುಮಾರು ನೂರು ವರ್ಷಗಳಿಂದ ಅಳೆದು ನೋಡುತ್ತ ಬಂದಿದ್ದಾರೆ. ಅವರು ಕಂಡದ್ದನ್ನು ಒಟ್ಟಿಗೆ ಇಟ್ಟು ಓದಿದರೆ ಒಂದು ಎಚ್ಚರಿಕೆ ತಾನಾಗಿ ಎದ್ದು ನಿಲ್ಲುತ್ತದೆ. ಬೇಸಿಗೆ ಬಿಸಿಯಾಗುತ್ತಿದೆ, ನೀರಿನ ಸಣ್ಣಪುಟ್ಟ ಅಂಚುಗಳು ಅಳಿಯುತ್ತಿವೆ, ಉಳಿದ ನೀರಿಗೆ ವಿಷ ಸೇರುತ್ತಿದೆ. ಈ ಮೂರರ ಹೊಡೆತ ಮೊದಲು ಬೀಳುವುದು ಕಣಜದ ಗೂಡಿಗೆ. ಅಲ್ಲಿಂದ ಮುಂದೆ ಅದು ನಮ್ಮ ಹೊಲಕ್ಕೂ ಕಾಡಿಗೂ ಬರುತ್ತದೆ.

ಮೈಗೆ ಬೇಕಾದ ನೀರು

ಕಣಜದ ಮೈಗೆ ಬೇಕಾದ ನೀರು ಹಲವು ದಾರಿಗಳಿಂದ ಬರುತ್ತದೆ. ಹೂವಿನ ಮಕರಂದ, ಮಾಗಿದ ಹಣ್ಣಿನ ರಸ, ಗಿಡದ ರಸ ಹೀರುವ ಸಸ್ಯಹೇನುಗಳು ಒಸರುವ ಅಂಟುಸಿಹಿ, ಮುಂಜಾನೆಯ ಇಬ್ಬನಿ, ಬೇಟೆಯಾಡಿದ ಹುಳುವಿನ ಮೈರಸ, ಇವೆಲ್ಲದರಲ್ಲೂ ನೀರಿದೆ. ಕಣಜದ ನಡು ದಾರದಷ್ಟು ಸಣ್ಣ. ಗಟ್ಟಿ ಆಹಾರ ಅದರೊಳಗೆ ಇಳಿಯುವುದಿಲ್ಲ. ಹಾಗಾಗಿ ಬೆಳೆದ ಕಣಜಗಳು ರಸವನ್ನಷ್ಟೇ ಕುಡಿದು ಬದುಕುತ್ತವೆ. ಕಂಬಳಿಹುಳುವನ್ನು ಕಡಿದು ಉಂಡೆ ಮಾಡಿ ತರುವುದು ತಮಗಾಗಿ ಅಲ್ಲ, ಗೂಡಿನ ಮರಿಹುಳುಗಳಿಗಾಗಿ. ಉಂಡ ಮರಿಹುಳು ತನ್ನ ಬಾಯಿಂದ ಒಂದು ಹನಿ ರಸ ಹೊರಬಿಡುತ್ತದೆ. ಸಕ್ಕರೆ ಮತ್ತು ಅಮೈನೋ ಆಮ್ಲಗಳಿರುವ ಆ ಹನಿಯನ್ನು ದೊಡ್ಡವು ಕುಡಿಯುತ್ತವೆ. ಹೀಗೆ ಉಣಿಸಿದವಳಿಗೇ ಮರಿ ಮತ್ತೆ ಉಣಿಸುತ್ತದೆ.

ಮೈಯೊಳಗೆ ಸೇರಿದ ನೀರನ್ನು ಹಿಡಿದಿಟ್ಟುಕೊಳ್ಳುವ ಏರ್ಪಾಡೂ ಕಣಜಕ್ಕಿದೆ. ಹೊರಕವಚದ ಮೇಲೆ ಮೇಣದಂಥ ತೆಳು ಪದರವಿದೆ. ಉಸಿರಾಡುವ ರಂಧ್ರಗಳನ್ನು ಬೇಕಾದಾಗ ತೆರೆದು ಬೇಡವಾದಾಗ ಮುಚ್ಚಬಹುದು. ಕಶ್ಮಲವನ್ನು ನಮ್ಮಂತೆ ನೀರಿನಲ್ಲಿ ಕರಗಿಸಿ ಚೆಲ್ಲದೆ, ನೀರನ್ನು ಮರಳಿ ಹೀರಿಕೊಂಡು ಒಣ ಯೂರಿಕ್ ಆಮ್ಲವಾಗಿ ಹೊರಹಾಕುತ್ತದೆ. ಇಷ್ಟಿದ್ದರೂ ಒಂದು ತೊಂದರೆ ತಪ್ಪುವುದಿಲ್ಲ. ಅಚ್ಚುಬೆಲ್ಲಕ್ಕಿಂತ ಪುಡಿಬೆಲ್ಲ ಬೇಗ ಕರಗುವ ಹಾಗೆ, ಸಣ್ಣ ಮೈಯಿಂದ ನೀರು ಬೇಗ ಆರಿಹೋಗುತ್ತದೆ. ಮೈ ಸಣ್ಣದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಗಾಳಿಗೆ ಒಡ್ಡಿಕೊಂಡ ಮೇಲ್ಮೈ ಹೆಚ್ಚು. ಬಿಸಿ ಹೆಚ್ಚಾದಂತೆ ಮೇಣದ ಪದರವೂ ಸಡಿಲಾಗುತ್ತದೆ.

ಆದರೂ ಮೈಯ ನೀರಿನ ಲೆಕ್ಕ ಚಿಕ್ಕದು. ದೊಡ್ಡ ಲೆಕ್ಕ ಗೂಡಿನದು.

ಕಾಗದಕ್ಕೂ ನೀರು, ಮಣ್ಣಿಗೂ ನೀರು

ಮನೆಯ ಸೂರಿನಡಿ, ಕಿಟಕಿಯ ಮೂಲೆಯಲ್ಲಿ ಬೂದುಬಣ್ಣದ ಕಾಗದದಂಥ ಗೂಡು ತೂಗುವುದನ್ನು ಎಲ್ಲರೂ ನೋಡಿದ್ದೇವೆ. ಅದು ನಿಜವಾಗಿಯೂ ಕಾಗದ. ಒಣಮರದ, ಗಿಡದ ನಾರನ್ನು ಕೆರೆದು, ನೀರು ಮತ್ತು ಜೊಲ್ಲು ಸೇರಿಸಿ ಅರೆದು, ಹಾಳೆಯಂತೆ ಎಳೆದು ಕಟ್ಟಿದ್ದು. ನೀರಿಲ್ಲದೆ ನಾರು ಮೆದುವಾಗದು, ಹಾಳೆಯೂ ಆಗದು.

ಈ ಕಟ್ಟೋಣದಲ್ಲಿ ನೀರಿನ ಪಾತ್ರ ಎಷ್ಟು ದೊಡ್ಡದೆಂದು ತೋರಿಸಿದವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಾಬರ್ಟ್ ಜೀನ್. ಕೋಸ್ಟರಿಕಾದ ಪಾಲಿಬಿಯಾ ಆಕ್ಸಿಡೆಂಟಾಲಿಸ್ ಎಂಬ ಕಣಜವನ್ನು ಗುರುತು ಹಚ್ಚಿ ಗಮನಿಸಿ 1986ರಲ್ಲಿ ಅವರು ಬರೆದದ್ದು ಇದು. ಗೂಡು ಕಟ್ಟುವಾಗ ಕೆಲಸ ಮೂರು ಪಾಲಾಗುತ್ತದೆ. ಕೆಲವು ನೀರನ್ನಷ್ಟೇ ತರುತ್ತವೆ, ಕೆಲವು ನಾರನ್ನಷ್ಟೇ ತರುತ್ತವೆ, ಕೆಲವು ಗೂಡಿನಲ್ಲೇ ಇದ್ದು ಕಟ್ಟುತ್ತವೆ. ನಾರು ತರಲು ಹೊರಡುವ ಕಣಜ ಮೊದಲು ಗೂಡಿನಲ್ಲೇ ನೀರು ತುಂಬಿಕೊಂಡು ಹೋಗಬೇಕು, ಇಲ್ಲದಿದ್ದರೆ ಒಣಮರವನ್ನು ನೆನೆಸಿ ಕೆರೆಯಲಾಗದು. ತಂದ ನಾರನ್ನು ಹದಮಾಡಲು ಕಟ್ಟುವವಳಿಗೂ ನೀರು ಬೇಕು. ಅಂದರೆ ನೀರು ತರುವವಳು ನಿಂತರೆ ಉಳಿದಿಬ್ಬರ ಕೆಲಸವೂ ನಿಲ್ಲುತ್ತದೆ.

ಮೆಟಪಾಲಿಬಿಯಾ ಎಂಬ ಇನ್ನೊಂದು ಕಣಜದ ಮೇಲೆ ಇಸ್ತ್ವಾನ್ ಕರ್ಸಾಯಿ ಮತ್ತು ಜಾನ್ ವೆಂಜೆಲ್ 2000ನೇ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕಿಂತ ಮುಂದೆ ಹೋಯಿತು. ಗೂಡಿನ ಮೇಲಿರುವ ಕಣಜಗಳು ತಂದ ನೀರನ್ನು ಹೊಟ್ಟೆಯ ಮುಂಭಾಗದ ಹಿಗ್ಗುವ ಚೀಲದಲ್ಲಿ ಹಿಡಿದಿಟ್ಟುಕೊಂಡು, ಕೇಳಿದವರಿಗೆ ಬಾಯಿಂದ ಬಾಯಿಗೆ ದಾಟಿಸುತ್ತವೆ. ಎಲ್ಲರ ಚೀಲಗಳೂ ಸೇರಿ ಊರಿಗೊಂದು ಕೆರೆ ಇದ್ದ ಹಾಗೆ. ಆ ಕೆರೆಯ ಮಟ್ಟ ನೋಡಿಯೇ ಕೆಲಸ ಹಂಚಿಕೆಯಾಗುತ್ತದೆ. ನೀರು ಕಡಿಮೆಯಾದರೆ ಹೆಚ್ಚು ಕಣಜಗಳು ನೀರಿಗೆ ಹೊರಡುತ್ತವೆ, ತುಂಬಿದ್ದರೆ ನಾರು ತರುವ, ಕಟ್ಟುವ ಕೆಲಸ ಚುರುಕಾಗುತ್ತದೆ. ಅಪ್ಪಣೆ ಕೊಡುವ ಯಜಮಾನರು ಅಲ್ಲಿ ಯಾರೂ ಇಲ್ಲ. ಎಷ್ಟು ಬೇಗ ನೀರು ಸಿಕ್ಕಿತು ಎಂಬುದೇ ಅಪ್ಪಣೆ.

ಮಣ್ಣಿನ ಗೂಡು ಕಟ್ಟುವ ಕಣಜಗಳ ಕಥೆ ಬೇರೆ. ನಾವು ಕುಂಬಾರ ಹುಳು ಎಂದು ಕರೆಯುವ ಹುಳುಗಳಲ್ಲಿ ಎರಡು ಬಗೆ. ಒಂದು ಬಗೆ, ಸಣ್ಣ ಮಡಕೆಯಂಥ ಗೂಡು ಮಾಡುವವು, ಒಣಮಣ್ಣಿದ್ದಲ್ಲಿಗೆ ಚೀಲದಲ್ಲಿ ನೀರು ಹೊತ್ತು ತರುತ್ತವೆ. ಮಣ್ಣಿನ ಮೇಲೆ ನೀರು ಉಗುಳಿ, ಕಲಸಿ, ಉಂಡೆ ಕಟ್ಟಿ ಒಯ್ಯುತ್ತವೆ. ಇನ್ನೊಂದು ಬಗೆ, ಗೋಡೆಗೆ ಮಣ್ಣು ಮೆತ್ತುವ ಸೆಲಿಫ್ರಾನ್ ಕುಲದವು, ನೀರು ಹೊರುವುದಿಲ್ಲ. ಕೆರೆಯ, ಕಾಲುವೆಯ ಅಂಚಿನಲ್ಲಿ ಹದವಾಗಿ ನೆಂದ ಕೆಸರನ್ನೇ ಉಂಡೆ ಮಾಡಿ ತರುತ್ತವೆ. ಮೆತ್ತುವಾಗ ಗುಂಯ್ ಎನ್ನುವ ಸದ್ದು ಕೇಳಿಸುತ್ತದಲ್ಲ, ಅದು ರೆಕ್ಕೆಯ ಸ್ನಾಯುಗಳನ್ನು ಅದುರಿಸಿ ಕೆಸರನ್ನು ಸಡಿಲಗೊಳಿಸುವ ಸದ್ದು. ಈ ಕುಲದ ನಮ್ಮ ಕಡೆಯ ಒಂದು ಪ್ರಭೇದಕ್ಕೆ ಮದರಾಸಿನ ಹೆಸರೇ ಇದೆ, ಸೆಲಿಫ್ರಾನ್ ಮದ್ರಾಸ್ಪಟಾನಮ್. ಮಡಕೆಯೊಳಗೆ ತಾಯಿ ಕಂಬಳಿಹುಳುಗಳನ್ನೋ ಜೇಡಗಳನ್ನೋ ತುಂಬಿ ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತಾಳೆ. ಹಸಿ ಕೆಸರು ಸಿಗದ ಊರಿನಲ್ಲಿ ಈ ತೊಟ್ಟಿಲು ಕಟ್ಟಲಾಗದು.

ಹೂಜಿಯ ಉಪಾಯ

ಗೂಡಿಗೆ ನೀರು ಬೇಕಾಗುವ ಇನ್ನೊಂದು ಕಾರಣವೇ ಈ ಲೇಖನದ ಮುಖ್ಯ ಮಾತು. ಕಾಗದದ ಗೂಡುಗಳಲ್ಲಿ ಪಾಲಿಸ್ಟೀಸ್, ರೊಪಲಿಡಿಯಾ ಕುಲದವು ಹೊದಿಕೆಯಿಲ್ಲದವು. ಒಂದು ತೊಟ್ಟಿನಿಂದ ತೂಗುವ ತೆರೆದ ಹಟ್ಟಿ. ಮೊಟ್ಟೆ, ಮರಿ, ಕೋಶ ಎಲ್ಲವೂ ಗಾಳಿ ಬಿಸಿಲಿಗೆ ಒಡ್ಡಿಕೊಂಡೇ ಇರುತ್ತವೆ. ದೊಡ್ಡ ಕಣಜ ಬಿಸಿಯಾದರೆ ಹಾರಿ ನೆರಳಿಗೆ ಹೋಗಬಹುದು. ಕೋಣೆಯೊಳಗಿನ ಮರಿಹುಳುವಿಗೆ ಕಾಲಿಲ್ಲ.

ಬಿಸಿ ಏರಿದಾಗ ಕಣಜಗಳು ಮೊದಲು ರೆಕ್ಕೆ ಬೀಸಿ ಗಾಳಿ ಹಾಕುತ್ತವೆ. ಸಾಲದಿದ್ದರೆ ನೀರು ತಂದು ಕೋಣೆಗಳ ಮೇಲೆ ಸಣ್ಣ ಹನಿಗಳಾಗಿ ಇಡುತ್ತವೆ. ಹನಿ ಆರುವಾಗ ಗೂಡಿನ ಬಿಸಿಯನ್ನು ಹೀರಿಕೊಂಡು ಹೋಗುತ್ತದೆ. ನಮ್ಮ ಮಣ್ಣಿನ ಹೂಜಿ ನೀರನ್ನು ತಂಪಾಗಿಡುವುದೂ ಇದೇ ಉಪಾಯದಿಂದ. ಯುರೋಪಿನ ಪಾಲಿಸ್ಟೀಸ್ ಗೂಡುಗಳಲ್ಲಿ ಇದನ್ನು ಸ್ಟೈನರ್ ಎಂಬ ವಿಜ್ಞಾನಿ 1930ರಲ್ಲೇ ಅಳೆದು ತೋರಿಸಿದರು. ಆಮೇಲಿನ ಅಧ್ಯಯನಗಳೂ ಅದನ್ನೇ ಹೇಳಿವೆ: ಬಿರುಬಿಸಿಲಿನಲ್ಲಿ ಗೂಡನ್ನು ಉಳಿಸುವುದು ಗಾಳಿಗಿಂತ ಹೆಚ್ಚಾಗಿ ನೀರು. ಜೇನ್ನೊಣಗಳಲ್ಲೂ ಇಂಥದೇ ಏರ್ಪಾಡನ್ನು ಮಾರ್ಟಿನ್ ಲಿಂಡಾವರ್ 1950ರ ದಶಕದಲ್ಲಿ ವಿವರಿಸಿದ್ದರು.

ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ಅಷ್ಟೇ ನೀರನ್ನು ಮಂಜಿನ ಬಿಸಿಯಿಂದ ಕುದಿಯುವ ಬಿಸಿಗೆ ಏರಿಸಲು ಬೇಕಾದ ಶಾಖದ ಐದು ಪಟ್ಟಿಗೂ ಮಿಗಿಲು ಅದು. ಅದಕ್ಕೇ ಹನಿಯಷ್ಟು ನೀರು ಒಂದು ಗೂಡನ್ನು ಕಾಯಬಲ್ಲದು. ಆದರೆ ಆ ಹನಿ ಕೆಲಸ ಮಾಡುವುದು ಆರಿಹೋಗುವುದರಿಂದಲೇ. ಆರಿದ ಮೇಲೆ ಮತ್ತೆ ತರಬೇಕು. ಗಾಳಿ ಬಿಸಿಯಾದಂತೆ ಅದರ ದಾಹವೂ ಏರುತ್ತದೆ. 30 ಡಿಗ್ರಿ ಸೆಲ್ಸಿಯಸ್ ಗಾಳಿ 38 ಡಿಗ್ರಿಗೆ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಶೇ 50ಕ್ಕಿಂತ ಹೆಚ್ಚಾಗುತ್ತದೆ. ಬಯಲುಸೀಮೆಯ ಒಣಗಾಳಿಯಲ್ಲಿ ಇದರ ಅರ್ಥ ಒಂದೇ: ಬಿಸಿ ಹೆಚ್ಚಿದ ದಿನವೇ ಹನಿ ಬೇಗ ಆರುತ್ತದೆ, ಅದೇ ದಿನ ನೀರಿನ ಅಂಚುಗಳೂ ಬೇಗ ಬತ್ತುತ್ತವೆ. ಕರಾವಳಿಯಲ್ಲಿ ತೊಂದರೆ ತಿರುವುಮುರುವು. ಅಲ್ಲಿ ನೀರಿದ್ದರೂ ಸೆಕೆಯ ಗಾಳಿಯಲ್ಲಿ ಹನಿ ಆರುವುದು ನಿಧಾನ, ತಂಪೂ ನಿಧಾನ.

ನಮ್ಮ ಕಣಜಗಳಿಗೆ ಇದು ಇನ್ನೂ ಕಷ್ಟ. ಚಳಿನಾಡುಗಳ ಕಣಜಗಳು ಬೇಸಿಗೆಯ ಕೆಲವು ತಿಂಗಳು ಗೂಡು ಕಟ್ಟಿ ಚಳಿಗಾಲಕ್ಕೆ ಮುಗಿಸುತ್ತವೆ. ದಕ್ಷಿಣ ಭಾರತದಲ್ಲಿ ಹಾಗಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ಮತ್ತು ಅವರ ಶಿಷ್ಯರು ದಶಕಗಳ ಕಾಲ ಅಧ್ಯಯನ ಮಾಡಿ ಜಗತ್ತಿಗೇ ಪರಿಚಯಿಸಿದ ರೊಪಲಿಡಿಯಾ ಮಾರ್ಜಿನೇಟಾ ಎಂಬ ಕಣಜ ವರ್ಷದ ಯಾವ ತಿಂಗಳಲ್ಲಾದರೂ ಗೂಡು ನಡೆಸುತ್ತದೆ. ಏಪ್ರಿಲ್, ಮೇ ತಿಂಗಳ ಉರಿಯನ್ನು ಅದು ತಪ್ಪಿಸಿಕೊಳ್ಳುವಂತಿಲ್ಲ. ಗೂಡಿನಲ್ಲಿ ಮರಿಗಳನ್ನಿಟ್ಟುಕೊಂಡೇ ದಾಟಬೇಕು. ಅದರ ಗೂಡಿನಲ್ಲಿರುವುದು ಸಾಮಾನ್ಯವಾಗಿ ಕೆಲವೇ ಹತ್ತು ಹೆಣ್ಣುಗಳು. ಅವುಗಳಲ್ಲೂ ಹೊರಗೆ ದುಡಿಯುವವು ಕೆಲವು ಮಾತ್ರ. ಬೇಟೆ ತರುವವರೂ ಅವರೇ, ನಾರು ತರುವವರೂ ಅವರೇ, ನೀರು ತರುವವರೂ ಅವರೇ.

ಬರದ ಸೀಮೆಯಲ್ಲಿ ಬೆಳೆದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಊರ ಬಾವಿ ಬತ್ತಿ, ಕೊಡ ಹೊತ್ತು ಎರಡು ಮೈಲಿ ನಡೆಯಬೇಕಾದಾಗ ಹೆಣ್ಣುಮಕ್ಕಳ ದಿನವೆಲ್ಲ ನೀರಿಗೇ ಹೋಗುತ್ತದೆ. ಕೂಲಿ ತಪ್ಪುತ್ತದೆ, ಹುಡುಗಿಯ ಶಾಲೆ ತಪ್ಪುತ್ತದೆ. ಕಣಜದ ಗೂಡಿನಲ್ಲೂ ಹೊರಗೆ ದುಡಿಯುವವರು ಹೆಣ್ಣುಗಳೇ. ನೀರಿಗೆ ಒಂದು ಸಲ ಹೆಚ್ಚು ಹೋದವಳು ಬೇಟೆಗೆ ಒಂದು ಸಲ ಕಡಿಮೆ ಹೋಗುತ್ತಾಳೆ.

ನೀರು ತಪ್ಪಿದಾಗ ಏನಾಯಿತು

ನೀರು ಮತ್ತು ತಂಪು ತಪ್ಪಿದರೆ ಕಣಜಗಳಿಗೆ ಏನಾಗುತ್ತದೆ ಎಂಬುದಕ್ಕೆ ಅತ್ತಿಯ ಹುಳುಗಳು ಸಾಕ್ಷಿ ಹೇಳಿವೆ. ಅತ್ತಿ, ಆಲ, ಅರಳಿಗಳ ಪರಾಗಸ್ಪರ್ಶ ಮಾಡುವುದು ಕೆಲವೇ ಮಿಲಿಮೀಟರ್ ಉದ್ದದ ಸಣ್ಣ ಕಣಜಗಳು. ಅತ್ತಿಹಣ್ಣು ಬಿಡಿಸಿ ನೋಡಿದರೆ ಹುಳು ಎನ್ನುತ್ತೇವಲ್ಲ, ಅವೇ. ಹಣ್ಣಿನೊಳಗೇ ಹುಟ್ಟಿ ಬೆಳೆಯುವ ಅವು ಹೊರಬಂದ ಮೇಲೆ ಉಣ್ಣದೆ ಒಂದೆರಡು ದಿನ ಬದುಕಿ, ಇನ್ನೊಂದು ಎಳೆಯ ಕಾಯಿ ಹುಡುಕಿ ಒಳಹೊಕ್ಕು ಮೊಟ್ಟೆಯಿಟ್ಟು ಸಾಯುತ್ತವೆ. ಅವುಗಳ ಮೈಯಲ್ಲಿರುವ ನೀರೆಲ್ಲ ಮರ ಕೊಟ್ಟ ಬಳುವಳಿ.

ಬಿಸಿಲಿಗೆ ಬಿದ್ದ ಆ ಕಾಯಿ ಒಳಗೆ ಬೇಯುವುದಿಲ್ಲವೇಕೆ? ಪನಾಮಾದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಟ್ಟಿತು. ದೊಡ್ಡ ಅತ್ತಿಕಾಯಿಗಳು ತಮ್ಮ ಸಿಪ್ಪೆಯ ಮೂಲಕ ನೀರನ್ನು ಆವಿಯಾಗಿ ಬಿಡುತ್ತ ಗಾಳಿಯ ಬಿಸಿಗೆ ಹತ್ತಿರವೇ ಉಳಿಯುತ್ತವೆ. ಆ ಬೆವರನ್ನು ತಡೆದರೆ ಕಾಯಿ ಒಳಗಿನ ಕಣಜಗಳು ತಾಳಲಾರದಷ್ಟು ಬಿಸಿಯಾಗುತ್ತದೆ. ಕಾಗದದ ಗೂಡಿನಲ್ಲಿ ಕಣಜ ಹೊತ್ತು ತರುವ ಹನಿಯ ಕೆಲಸವನ್ನು ಇಲ್ಲಿ ಮರದ ಬೇರು ಮಾಡುತ್ತದೆ. ಬೇರಿಗೆ ನೀರಿಲ್ಲದಿದ್ದರೆ ಕಾಯಿಗೆ ಬೆವರಿಲ್ಲ.

1998ರ ಜನವರಿಯಿಂದ ಮಾರ್ಚ್‌ವರೆಗೆ, ಎಲ್ ನಿನೊ ಹೊಡೆತಕ್ಕೆ ಬೋರ್ನಿಯೊದ ಮಳೆಕಾಡು ತೀವ್ರ ಬರ ಕಂಡಿತು. ಸರವಾಕ್‌ನ ಲಂಬಿರ್ ಹಿಲ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಅತ್ತಿ ಜಾತಿಯ ಹಲವು ಮರಗಳು ಕಾಯಿ ಬಿಡುವುದನ್ನೇ ನಿಲ್ಲಿಸಿದವು. ಒಂದೆರಡು ದಿನದ ಆಯುಷ್ಯದ ಕಣಜಕ್ಕೆ ಕಾಯಿಯಿಲ್ಲದ ಕೆಲವು ವಾರಗಳೆಂದರೆ ವಂಶದ ಕೊನೆ. ಗಂಡು ಹೆಣ್ಣು ಬೇರೆಬೇರೆ ಮರಗಳಿರುವ ಅತ್ತಿ ಪ್ರಭೇದಗಳ ಪರಾಗವಾಹಕ ಕಣಜಗಳು ಆ ಕಾಡಿನಿಂದ ಅಳಿದುಹೋದವು. ಮಳೆ ಬಂದು ಮರ ಮತ್ತೆ ಕಾಯಿ ಬಿಟ್ಟರೂ ಕಣಜಗಳು ತಿಂಗಳುಗಟ್ಟಲೆ ಮರಳಲಿಲ್ಲ. ರೆಟ್ ಹ್ಯಾರಿಸನ್ 2000ನೇ ಇಸವಿಯಲ್ಲಿ ಇದನ್ನು ದಾಖಲಿಸಿದರು. 2013ರಲ್ಲಿ ಸಿಂಗಪುರದ ಅತ್ತಿಕಣಜಗಳ ಮೇಲೆ ನಡೆದ ಪ್ರಯೋಗದಲ್ಲಿ ಬಿಸಿ ಏರಿದಂತೆ ಅವುಗಳ ಆಯುಷ್ಯ ಕುಗ್ಗುತ್ತ ಹೋಯಿತು. ಇನ್ನೊಂದು ಮರ ತಲುಪುವಷ್ಟು ಹೊತ್ತು ಬದುಕದ ಕಣಜದಿಂದ ಮರಕ್ಕೇನು ಪ್ರಯೋಜನ?

ಮೂರು ತಿಂಗಳ ಬರ ಕೋಟ್ಯಂತರ ವರ್ಷಗಳ ಒಡನಾಟವನ್ನು ಕಡಿದ ನಿದರ್ಶನವಿದು. ನಮ್ಮ ಪಶ್ಚಿಮಘಟ್ಟದಲ್ಲಿ ಬೇರೆ ಹಣ್ಣಿಲ್ಲದ ಕಾಲದಲ್ಲಿ ಮಂಗಟ್ಟೆ, ಕೋತಿ, ಬಾವಲಿಗಳನ್ನು ಸಾಕುವುದು ಇದೇ ಅತ್ತಿ, ಆಲಗಳು. ದಾಂಡೇಲಿಯ ಮಂಗಟ್ಟೆಯ ಊಟ ಒಂದು ಸಣ್ಣ ಕಣಜದ ಮೈಯೊಳಗಿನ ನೀರಿಗೆ ಕಟ್ಟಿಕೊಂಡಿದೆ.

ಅಂಚುಗಳು ಎಲ್ಲಿ ಹೋದವು

ಕಣಜಕ್ಕೆ ಜಲಾಶಯ ಬೇಡ. ಆಳದ ನೀರು ಅದಕ್ಕೆ ಅಪಾಯ. ಬೇಕಾದದ್ದು ಇಳಿಜಾರಾದ ಮಣ್ಣಿನ ಅಂಚು, ಕಾಲೂರಲು ಹುಲ್ಲಿನ ಎಸಳು, ತೆಳುವಾದ ನೀರು, ಪಕ್ಕದಲ್ಲಿ ಹದವಾದ ಕೆಸರು. ನಮ್ಮ ಹಳೆಯ ಕೆರೆಗಳ ಅಂಗಳ ಹೀಗೆಯೇ ಇತ್ತು. ಏರಿಯ ಕಡೆ ಆಳ, ಎದುರು ದಡದಲ್ಲಿ ಹಂತಹಂತವಾಗಿ ಹಿಂದೆ ಸರಿಯುವ ತೇವ. ಬೇಸಿಗೆಯಲ್ಲಿ ನೀರು ಇಳಿದಂತೆ ಅಂಚೂ ಅದರ ಜೊತೆ ಇಳಿಯುತ್ತಿತ್ತು, ಎಂದೂ ಇಲ್ಲವಾಗುತ್ತಿರಲಿಲ್ಲ.

1973ರಿಂದೀಚಿನ ನಾಲ್ಕು ದಶಕಗಳ ಉಪಗ್ರಹ ಚಿತ್ರಗಳನ್ನು ಹೋಲಿಸಿ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಬೆಂಗಳೂರಿನ ನೀರಹರವು ಶೇ 79ರಷ್ಟು ಕುಗ್ಗಿದೆ ಎಂದು ಲೆಕ್ಕ ಕೊಟ್ಟಿದೆ. ಉಳಿದ ಕೆರೆಗಳನ್ನು ‘ಅಭಿವೃದ್ಧಿ’ಪಡಿಸುವಾಗ ಸುತ್ತಲೂ ಕಡಿದಾಗಿ ಅಗೆದು, ಕಲ್ಲು ಕಟ್ಟಿ, ಮೇಲೆ ನಡಿಗೆಪಥ ಹಾಕುವುದು ವಾಡಿಕೆಯಾಗಿದೆ. ಅಂಥ ಕೆರೆಯಲ್ಲಿ ನೀರಿದೆ, ಅಂಚಿಲ್ಲ. ಹಳ್ಳಿಗಳಲ್ಲಿ ಕಾಲುವೆಗೆ ಕಾಂಕ್ರೀಟು, ಕೃಷಿಹೊಂಡಕ್ಕೆ ಪ್ಲಾಸ್ಟಿಕ್ ಹೊದಿಕೆ ಬಂದಿವೆ. ನೀರು ಇಂಗದಿರಲು ಅವು ಬೇಕು, ನಿಜ. ಆದರೆ ಜಾರುವ ಪ್ಲಾಸ್ಟಿಕ್ಕಿನ ಮೇಲೆ ಇಳಿದ ಹುಳು ಮೇಲೇರಲಾರದೆ ಮುಳುಗುತ್ತದೆ. ಬೆಳ್ಳಂದೂರಿನ ಕೆರೆಯಲ್ಲಿ ಕಂಡಂಥ ಸೋಪಿನ ನೊರೆಯ ನೀರು ಇನ್ನೂ ಕೆಟ್ಟದ್ದು. ಕಾಗದದ ಕಣಜಗಳು ನೀರಿನ ಮೇಲ್ಮೈ ಬಿಗಿತವನ್ನೇ ನೆಚ್ಚಿ ಅದರ ಮೇಲೆ ಹಗುರಾಗಿ ಕೂರಬಲ್ಲವು. ಸೋಪು ಆ ಬಿಗಿತವನ್ನು ಸಡಿಲಿಸುತ್ತದೆ, ಕೂತ ಹುಳು ಮುಳುಗುತ್ತದೆ.

ಇದರ ಮೇಲೆ ಬಿಸಿಲು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಅದರ ಬೆನ್ನಿಗೇ ಬಂದ 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪಮಾನ 38.5 ಡಿಗ್ರಿ ಮುಟ್ಟಿತು. ಮನುಷ್ಯರು ಟ್ಯಾಂಕರಿಗೆ ಕಾದ ಬೇಸಿಗೆ ಅದು. 2024 ಜಗತ್ತಿನ ಸರಾಸರಿ ತಾಪಮಾನ ಕೈಗಾರಿಕಾ ಯುಗದ ಮುಂಚಿನದಕ್ಕಿಂತ ಒಂದೂವರೆ ಡಿಗ್ರಿಗೂ ಹೆಚ್ಚಿದ್ದ ಮೊದಲ ವರ್ಷವೆಂದು ವಿಶ್ವ ಹವಾಮಾನ ಸಂಸ್ಥೆ ದಾಖಲಿಸಿದೆ. ಇಂಥ ಬೇಸಿಗೆಗಳು ಇನ್ನು ಅಪರೂಪವಾಗಿ ಉಳಿಯುವುದಿಲ್ಲ.

ಹನಿಯಲ್ಲಿ ವಿಷ

ಮೆಕ್ಕೆಜೋಳದ ಎಳೆಯ ಗಿಡದ ಎಲೆಯಂಚಿನಲ್ಲಿ ಮುಂಜಾನೆ ಮುತ್ತಿನಂಥ ಹನಿಗಳು ಕಾಣುತ್ತವೆ. ಅವೆಲ್ಲ ಇಬ್ಬನಿಯಲ್ಲ. ಬೇರು ಹೀರಿದ ನೀರನ್ನು ಗಿಡವೇ ಎಲೆತುದಿಯಿಂದ ಒಸರುತ್ತದೆ. ಹುಳುಗಳಿಗೆ ಅದು ಸುಲಭದ ನೀರು. ನಿಯೋನಿಕೋಟಿನಾಯ್ಡ್ ಗುಂಪಿನ ಕೀಟನಾಶಕ ಲೇಪಿಸಿದ ಬೀಜದಿಂದ ಹುಟ್ಟಿದ ಮೆಕ್ಕೆಜೋಳದ ಈ ಹನಿಗಳನ್ನು ಇಟಲಿಯ ವಿಜ್ಞಾನಿಗಳು 2009ರಲ್ಲಿ ಪರೀಕ್ಷಿಸಿದರು. ಹನಿ ಕುಡಿದ ಜೇನ್ನೊಣಗಳು ನಿಮಿಷಗಳಲ್ಲಿ ಸತ್ತವು. ಈ ಗುಂಪಿನ ಔಷಧಗಳು ನೀರಿನಲ್ಲಿ ಕರಗುವಂಥವು. ಗಿಡದ ಮೈತುಂಬ ಹರಡಲೆಂದೇ ಅವನ್ನು ಹಾಗೆ ಮಾಡಿರುವುದು. ಅದೇ ಗುಣದಿಂದ ಅವು ಹನಿಗೂ ಹೊಂಡಕ್ಕೂ ಕಾಲುವೆಗೂ ಸೇರುತ್ತವೆ. ಐರೋಪ್ಯ ಒಕ್ಕೂಟ ಇಂಥ ಮೂರು ಔಷಧಗಳನ್ನು ಬಯಲಿನಲ್ಲಿ ಬಳಸುವುದನ್ನು 2018ರಲ್ಲಿ ನಿಷೇಧಿಸಿತು. ಅವುಗಳಲ್ಲಿ ಒಂದಾದ ಥಯಾಮೆಥಾಕ್ಸಾಮ್ ಇರುವ ಬೀಜಲೇಪನ ನಮ್ಮ ಮೆಕ್ಕೆಜೋಳದಲ್ಲಿ ಬಳಕೆಯಲ್ಲಿದೆ.

ಈ ಬೀಜಲೇಪನ ಬಂದದ್ದೇಕೆ ಎಂಬುದನ್ನು ನೆನೆದರೆ ನಮ್ಮ ನಷ್ಟದ ಆಳ ತಿಳಿಯುತ್ತದೆ. ಅಮೆರಿಕ ಖಂಡದ ಸೈನಿಕ ಹುಳು, ನಮ್ಮ ರೈತರು ಲದ್ದಿ ಹುಳು ಎನ್ನುವ ಪೀಡೆ, ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಅಲ್ಲಿಂದ ಅದು ದೇಶವೆಲ್ಲ ಹಬ್ಬಿತು. ದಾವಣಗೆರೆ, ಹಾವೇರಿಯ ರೈತರು ಸುಳಿಯೊಳಗೆ ಔಷಧ ಸುರಿದು ಸೋತರು. ಮರುವರ್ಷ, 2019ರಲ್ಲಿ, ಬ್ರೆಜಿಲ್‌ನಲ್ಲಿ ನಡೆದ ಒಂದು ಪ್ರಯೋಗ ಪ್ರಕಟವಾಯಿತು. ಮೆಕ್ಕೆಜೋಳದ ಸೈನಿಕ ಹುಳು ಮತ್ತು ಕಬ್ಬಿನ ಕಾಂಡಕೊರಕ, ಎರಡರ ಸಂಖ್ಯೆಯನ್ನೂ ಅಲ್ಲಿನ ಕಾಗದದ ಕಣಜ ಇಳಿಸಿತು. ಗಿಡದ ಹಾನಿಯೂ ಇಳಿಯಿತು. ಅದೇ ಹುಳುವಿಗೆಂದು ನಾವು ಬೀಜಕ್ಕೆ ಹಚ್ಚಿದ ಮದ್ದು ಅದರ ಬೇಟೆಗಾರ ಕುಡಿಯುವ ಹನಿಗೆ ಇಳಿಯುತ್ತಿದೆ.

ಕಣಜಗಳ ಉಪಕಾರ ಇಷ್ಟಕ್ಕೇ ಮುಗಿಯದು. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಾಮರ್ಶೆಯ ಪ್ರಕಾರ ಕೊಂಡಿಯುಳ್ಳ ಕಣಜಗಳು 960 ಜಾತಿಯ ಗಿಡಗಳ ಹೂವಿಗೆ ಭೇಟಿ ಕೊಡುತ್ತವೆ. ಅವುಗಳಲ್ಲಿ 164 ಜಾತಿಗಳು ಪರಾಗಸ್ಪರ್ಶಕ್ಕೆ ಕಣಜವನ್ನೇ ನೆಚ್ಚಿವೆ. ಪಪ್ಪಾಯಿಯ ಹಿಟ್ಟುತಿಗಣೆ 2008ರಿಂದ ದಕ್ಷಿಣ ಭಾರತದ ತೋಟಗಳನ್ನು ಹಾಳುಗೆಡವಿದಾಗ, ಬೆಂಗಳೂರಿನ ಕೃಷಿ ಕೀಟ ಸಂಸ್ಥೆ 2010ರಲ್ಲಿ ಪೋರ್ಟೊರಿಕೊದಿಂದ ತರಿಸಿ ಬಿಟ್ಟದ್ದು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಪರಾವಲಂಬಿ ಕಣಜಗಳನ್ನು. ಪೀಡೆ ಇಳಿಯಿತು. ಧಾನ್ಯ ತುಂಬುವ ಕಣಜಕ್ಕೂ ಈ ಹುಳುವಿಗೂ ಕನ್ನಡದಲ್ಲಿ ಒಂದೇ ಹೆಸರು. ಹೆಸರಿನ ಮೂಲ ಬೇರೆ ಇರಬಹುದು, ಬಾಳಿನ ನಂಟು ನಿಜ.

ಮುಂದೆ ಕಾಣುತ್ತಿರುವುದು

ಪ್ರಯೋಗದಲ್ಲಿ ಕಂಡದ್ದನ್ನೂ ಅದರಿಂದ ಊಹಿಸಬಹುದಾದದ್ದನ್ನೂ ಬೇರೆಯಾಗಿಯೇ ಇಡೋಣ. ಕಂಡದ್ದು ಇಷ್ಟು: ಗೂಡಿನ ಕೆಲಸ ನೀರಿನ ಮಟ್ಟದ ಮೇಲೆ ನಿಂತಿದೆ, ಮರಿಗಳ ತಂಪು ನೀರಿನ ಮೇಲೆ ನಿಂತಿದೆ, ಬಿಸಿಯಲ್ಲಿ ಅತ್ತಿಕಣಜದ ಆಯುಷ್ಯ ಕುಗ್ಗುತ್ತದೆ, ಒಂದು ಬರ ಒಂದು ಕಾಡಿನ ಕಣಜಗಳನ್ನು ಅಳಿಸಬಲ್ಲದು, ವಿಷದ ಹನಿ ಜೇನ್ನೊಣಗಳನ್ನು ಕೊಲ್ಲುತ್ತದೆ. ಇವುಗಳಿಂದ ಮುಂದಿನದನ್ನು ಹೀಗೆ ಕಾಣಬಹುದು. ಬಿರುಬೇಸಿಗೆಗಳಲ್ಲಿ ಗೂಡುಗಳು ನೀರಿಗೇ ಸೋತು, ಮರಿಗಳನ್ನು ಕಳೆದುಕೊಂಡು, ಮುಂಗಾರಿಗೆ ಕಾಲಿಡುವಾಗ ಸೊರಗಿರುತ್ತವೆ. ಸರಿಯಾಗಿ ಆಗಲೇ ಬಿತ್ತನೆ, ಆಗಲೇ ಹೊಲದಲ್ಲಿ ಎಳೆಯ ಹುಳು. ಬೇಟೆಗಾರರು ಕಡಿಮೆಯಾದ ಹೊಲಕ್ಕೆ ಔಷಧ ಹೆಚ್ಚು ಬೀಳುತ್ತದೆ, ಔಷಧ ಬಿದ್ದಷ್ಟೂ ಬೇಟೆಗಾರರು ಕಡಿಮೆಯಾಗುತ್ತಾರೆ. ಈ ಸುಳಿಯೊಳಗೆ ರೈತನ ದುಡ್ಡೂ ಮುಳುಗುತ್ತದೆ.

ಊರಿನಲ್ಲಿ ಇನ್ನೊಂದು ತೊಂದರೆ. ಹೊರಗೆ ನೀರು ಬತ್ತಿದಾಗ ಕಣಜಗಳು ನಮ್ಮ ನಲ್ಲಿಗೆ, ಬಚ್ಚಲಿಗೆ, ಏಸಿಯ ಕೊಳವೆಗೆ ಬರುತ್ತವೆ. ಮುಖಾಮುಖಿ ಹೆಚ್ಚುತ್ತದೆ, ಕುಟುಕೂ ಹೆಚ್ಚುತ್ತದೆ. ಕೆಲವರಿಗೆ ಕಣಜದ ಕುಟುಕು ಪ್ರಾಣಾಪಾಯ ತರಬಲ್ಲದು. ಕುಟುಕಿದ ಮೇಲೆ ಉಸಿರು ಕಟ್ಟಿದರೆ, ಮುಖ ನಾಲಿಗೆ ಊದಿದರೆ, ತಲೆಸುತ್ತಿದರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಾವು ಮಾಡಬಹುದಾದದ್ದು

ಜಗತ್ತಿನ ಬಿಸಿಯನ್ನು ಒಂದು ಊರು ಇಳಿಸಲಾರದು. ಆದರೆ ನೀರಿನ ಅಂಚನ್ನು ಉಳಿಸುವುದು ಪೂರಾ ನಮ್ಮ ಕೈಯಲ್ಲಿದೆ.

ಕೆರೆ ದುರಸ್ತಿಗೆ ಗ್ರಾಮಸಭೆಯಲ್ಲೋ ವಾರ್ಡಿನಲ್ಲೋ ಮಾತು ಬಂದಾಗ ಒಂದು ಬೇಡಿಕೆ ಇಡಿ: ಸುತ್ತಲೂ ಕಲ್ಲು ಕಟ್ಟಬೇಡಿ, ಒಂದು ದಡವನ್ನಾದರೂ ಇಳಿಜಾರಾದ ಮಣ್ಣಾಗಿಯೇ, ಹುಲ್ಲು ಜೊಂಡಿನೊಂದಿಗೆ ಬಿಡಿ. ಕೃಷಿಹೊಂಡ ಇರುವವರು ಅಂಚಿನಿಂದ ನೀರೊಳಕ್ಕೆ ಒಂದು ಗೋಣಿಚೀಲವನ್ನೋ ಒರಟು ಹಲಗೆಯನ್ನೋ ಇಳಿಬಿಡಿ, ಬಿದ್ದ ಹುಳುವಿಗೆ ಅದು ಮೆಟ್ಟಿಲು. ಸ್ಪ್ರೇಯರನ್ನು ಹೊಂಡದಲ್ಲಿ, ಕಾಲುವೆಯಲ್ಲಿ ತೊಳೆಯಬೇಡಿ. ಪೀಡೆ ಕಾಣುವ ಮುಂಚೆಯೇ ಇರಲಿ ಎಂದು ಔಷಧ ಹಾಕುವ ರೂಢಿ ಬಿಡಿ. ಬದುಗಳಲ್ಲಿ ಹೂಬಿಡುವ ಕಾಡುಗಿಡಗಳು ಇರಲಿ. ಆಲ, ಅರಳಿ, ಅತ್ತಿಯ ಬುಡಕ್ಕೆ ಕಾಂಕ್ರೀಟು ಹಾಕಿ ಬೇರಿನ ನೀರು ಕಟ್ಟಬೇಡಿ, ಅದು ಆ ಮರದ ಕಣಜಗಳ ನೀರೂ ಹೌದು.

ಮಕ್ಕಳು ಓಡಾಡುವ ಬಾಗಿಲ ಮೇಲೆ ಗೂಡಿದ್ದರೆ ತಿಳಿದವರಿಂದ ತೆಗೆಸುವುದು ಸರಿ. ಕೊಟ್ಟಿಗೆಯ ಮೂಲೆಯಲ್ಲಿ, ತೋಟದ ಗಿಡದಲ್ಲಿ, ಯಾರ ಹಾದಿಗೂ ಅಡ್ಡವಾಗದ ಸೂರಿನಲ್ಲಿ ತೂಗುವ ಗೂಡಿಗೆ ಬೆಂಕಿ ಹಚ್ಚಬೇಡಿ.

ಮನೆಯಲ್ಲಿ ಇದಕ್ಕಿಂತ ಸುಲಭ. ಮಣ್ಣಿನ ಒಂದು ತಟ್ಟೆ, ಅದರಲ್ಲಿ ನೀರಿನಿಂದ ತಲೆ ಎತ್ತಿ ನಿಲ್ಲುವಷ್ಟು ಬೆಣಚುಕಲ್ಲು, ಬೆರಳ ಗೆಣ್ಣು ಮುಳುಗದಷ್ಟು ನೀರು. ಬಾಗಿಲಿನಿಂದ ದೂರ, ನೆರಳಿನಲ್ಲಿಡಿ. ಸೊಳ್ಳೆ ಮೊಟ್ಟೆಯಿಡದಂತೆ ದಿನಾ ಚೆಲ್ಲಿ ಹೊಸ ನೀರು ಹಾಕಿ. ಚೆಲ್ಲುವ ನೀರನ್ನು ಪಕ್ಕದ ಬರಿಮಣ್ಣಿಗೇ ಚೆಲ್ಲಿ, ಕುಂಬಾರ ಹುಳುವಿಗೆ ಕೆಸರಾಗುತ್ತದೆ. ಹಕ್ಕಿಗೆಂದು ಈಗಾಗಲೇ ನೀರಿಡುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಆ ಪಾತ್ರೆಗೆ ನಾಲ್ಕು ಕಲ್ಲು ಹಾಕಿದರೆ ಸಾಕು.

ಮೊದಲ ಕಣಜ ಬಂದು ಕುಡಿದು ಹಾರಿದಾಗ ಅದು ಹೋದ ದಿಕ್ಕನ್ನು ನೋಡಿ. ಅತ್ತ ಎಲ್ಲೋ ಒಂದು ಗೂಡಿದೆ, ಅದರಲ್ಲಿ ಕಾಲಿಲ್ಲದ ಮರಿಗಳಿವೆ, ಆ ಹನಿ ತಲುಪುವವರೆಗೆ ಅವು ಬಿಸಿಲಿನಲ್ಲಿ ಕಾಯುತ್ತಿವೆ. ಈ ಬೇಸಿಗೆಯಲ್ಲಿ ಆ ನೀರು ತಪ್ಪದಂತೆ ನೋಡಿಕೊಳ್ಳಿ.